ಕಲ್ಲು, ತಗಡು, ಗದಗಿನ ಕಾಗದ

“ಹಡಗಿನಿಂದ ಇಳಿದವನೇ, ನಿನಗೆ ಊರುಂಟೇ? ಈ ಮಣ್ಣಿನಲ್ಲಿ ನಿನ್ನದೆಂಬುದು ಒಂದು ಹಿಡಿಯಾದರೂ ಉಂಟೇ?”

ಮಣಿಪಾಲದ ಮುದ್ರಣಾಲಯವೊಂದರಲ್ಲಿ ನನ್ನ ಕೆಲಸದ ಮೊದಲ ದಿನ. ಚಿತ್ರ ವಿಭಾಗದ ಬಾಗಿಲು ತಳ್ಳುವ ಮೊದಲೇ ಕಿವಿಗೆ ಬಿದ್ದ ಮಾತು ಇದು. ಒಳಗೆ ಐವತ್ತು ದಾಟಿದ ಒಬ್ಬರು, ಬಿಳಿ ಪಂಚೆ, ಮಡಿಸಿದ ತೋಳಿನ ಅಂಗಿ, ಬಿಡಿಸುತ್ತಿದ್ದ ಚಿತ್ರದಿಂದ ತಲೆಯನ್ನೂ ಎತ್ತದೆ ಎದುರು ಮೇಜಿನ ಯುವಕನಿಗೆ ಹೀಗೆ ಹೇಳುತ್ತಿದ್ದರು. ಯುವಕನ ಕೊರಳಲ್ಲಿ ಸಣ್ಣದೊಂದು ಶಿಲುಬೆ. ಆಚೆ ಮೇಜಿನ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಗದಗಿನವಳು. ನಮ್ಮಲ್ಲಿ ಸಿಟ್ಟು ಬಂದರೆ ತಡೆದಿಟ್ಟುಕೊಳ್ಳುವ ಪದ್ಧತಿ ಇಲ್ಲ. “ಬಾಯಿ ಮುಚ್ಚ್ರಿ! ಏನ್ ಮಾತಿದು? ಒಬ್ಬರ ಜಾತಿ-ಧರ್ಮ ಎತ್ತಿ ಆಡಾಕ ನಾಚಿಕಿ ಬರೂದಿಲ್ಲೇನು ನಿಮಗ?” ಎಂದು ಬಾಗಿಲಲ್ಲೇ ಅಬ್ಬರಿಸಿದೆ. ಕೋಣೆಗೆ ಕೋಣೆಯೇ ಗಪ್‌ಚಿಪ್. ನಾನೇ ಹೊಸ ಮುಖ್ಯಸ್ಥೆ ಎಂದು ಹೇಳಿ, ಎಲ್ಲರ ಎದುರಿಗೆ ಆ ಯುವಕನಲ್ಲಿ ತಪ್ಪು ಒಪ್ಪಿಕೊಳ್ಳಬೇಕು ಎಂದು ಹಟ ಹಿಡಿದೆ. ಯುವಕ ಏನೋ ಹೇಳಲು ಬಾಯಿ ತೆರೆದ. ಹಿರಿಯರು ಕೈ ಅಡ್ಡ ಮಾಡಿ ಅವನನ್ನು ತಡೆದರು. ಎದ್ದು ನಿಂತು, ನನ್ನನ್ನೊಮ್ಮೆ ನೋಡಿ, “ತಪ್ಪಾಯಿತು” ಎಂದು ಕುಳಿತರು. ಕೈ ಅಡ್ಡ ಮಾಡಿದ್ದನ್ನು ನಾನು ಗಮನಿಸಿದ್ದೆ. ಬೆದರಿಸುತ್ತಿದ್ದಾರೆ ಅಂದುಕೊಂಡೆ. ಅಂದೇ ಸಂಜೆ ‘ಕೆಲಸದ ವೇಳೆಯಲ್ಲಿ ಅನಗತ್ಯ ಮಾತು ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೊದಲ ದಿನವೇ ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಲ್ಲಿ ಬಸ್ಸು ಹತ್ತಿದೆ.

ಇದು ಎಪ್ಪತ್ತರ ದಶಕದ ನಡುಭಾಗದ ಮಾತು. ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ಪಠ್ಯಪುಸ್ತಕದ ಮುಖಪುಟ, ಕ್ಯಾಲೆಂಡರ್ ಮಾಡುತ್ತಿದ್ದ ನಾನು, ಕರಾವಳಿಯಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತೆಂದು ಫೆಬ್ರವರಿಯಲ್ಲಿ ಟ್ರಂಕು ಕಟ್ಟಿದ್ದೆ. ಊರಲ್ಲಿ ಎಲ್ಲರೂ ಬೀಳ್ಕೊಡುವಾಗ ಹೇಳಿದ್ದು ಒಂದೇ: “ಅಲ್ಲಿ ಮಂದಿ ಪುಸ್ತಕದಾಗಿನ ಕನ್ನಡ ಮಾತಾಡ್ತಾರವಾ.” ಇದನ್ನು ನಾನು ಎಷ್ಟು ನಂಬಿದ್ದೆನೆಂದರೆ, ಅವರು ಜಗಳವನ್ನೂ ಪುಸ್ತಕದ ಕನ್ನಡದಲ್ಲೇ ಆಡುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ.

ಪರ್ಕಳದಲ್ಲಿ ಕಲ್ಯಾಣಿಯಕ್ಕ ಎಂಬುವರ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಮೊದಲ ವಾರ ಅವರು ನನ್ನನ್ನು ಕಂಡಾಗಲೆಲ್ಲ “ಒಣಸ್ ಆಂಡಾ?” ಅನ್ನುತ್ತಿದ್ದರು. ಊಟವಾಯಿತೇ ಎಂದು ತುಳುವಿನಲ್ಲಿ ಕೇಳುವುದು. ಗೊತ್ತಿಲ್ಲದ ನಾನು ಪ್ರತಿ ಸಲ ನಕ್ಕು ತಲೆಯಾಡಿಸುತ್ತಿದ್ದೆ, ಹೊಟ್ಟೆ ಚುರುಗುಟ್ಟುತ್ತಿದ್ದಾಗಲೂ. ನಮ್ಮ ಕಡೆ ರೊಟ್ಟಿ ಬಡಿಯುವ ಸದ್ದಿಗೆ ಬೆಳಗಾದರೆ ಇಲ್ಲಿ ಬೆಳಗಾಗುವುದು ಕುಚ್ಚಲಕ್ಕಿ ಗಂಜಿಯ ವಾಸನೆಗೆ. ಅವ್ವ ಕಳಿಸಿದ ಜೋಳದ ಹಿಟ್ಟು ಮೊದಲ ಮಳೆಗೇ ಬೂಸ್ಟು ಹಿಡಿಯಿತು. ಅದನ್ನು ಚೆಲ್ಲುವಾಗ ಅತ್ತೆ. ಹಿಟ್ಟಿಗೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಕಲ್ಯಾಣಿಯಕ್ಕ ಹಿತ್ತಲಿನಿಂದ ನೋಡಿದರು. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಎರಡು ನೀರುದೋಸೆ ಇಟ್ಟು ಹೋಗಿದ್ದರು. ನಮ್ಮೂರಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕು ಮನೆಯ ಹೆಂಗಸರು ಸೇರಿ, ಯಾಕ ಅಳ್ತಿ, ಏನಾತು, ಯಾರು ಏನಂದ್ರು ಎಂದು ಜೀವ ತಿನ್ನುತ್ತಿದ್ದರು. ಕೇಳದಿರುವುದು ಪ್ರೀತಿಯೋ ಉದಾಸೀನವೋ ನನಗೆ ಬಗೆಹರಿಯಲಿಲ್ಲ.

ಕಚೇರಿಯಲ್ಲಿಯೂ ಇದೇ ಗೊಂದಲ. ನನ್ನ ಕೈಕೆಳಗೆ ಇದ್ದವರು ಮೂವರು. ಅಂದು ನಾನು ಬೈದ ಹಿರಿಯರು ಸಂಜೀವಣ್ಣ, ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು. ಯಾವ ಚಿತ್ರಕ್ಕಾದರೂ ಗೆರೆ ಅವರದು. ಶಿಲುಬೆಯ ಯುವಕ ಲಾರೆನ್ಸ್, ಕಾಪು ಹತ್ತಿರದ ಇನ್ನಂಜೆಯವನು, ಬಣ್ಣ ಹಾಕುವವನು. ಅಕ್ಷರ ಬರೆಯುವವಳು ಉಡುಪಿಯ ಜಲಜಾ. ಏನು ಹೇಳಿದರೂ “ಆಯಿತು ಮೇಡಂ” ಅನ್ನುವರು. ಎದುರು ಮಾತಿಲ್ಲ, ಸಿಡುಕಿಲ್ಲ, ನಗುವೂ ಇಲ್ಲ. ಲಾರೆನ್ಸನ ಮೇಲೆ ನನಗೆ ಅಪಾರ ಕನಿಕರ. ಅವನ ಮೇಜನ್ನು ಸಂಜೀವಣ್ಣನ ಎದುರಿನಿಂದ ತೆಗೆಸಿ ದೂರದ ಕಿಟಕಿಯ ಹತ್ತಿರ ಹಾಕಿಸಿದೆ. ಆಮೇಲಿನಿಂದ ಗೆರೆಯ ಹಾಳೆಗಳನ್ನು ಜಲಜಾ ಒಂದು ಮೇಜಿನಿಂದ ಇನ್ನೊಂದಕ್ಕೆ ಮಾತಿಲ್ಲದೆ ಒಯ್ಯುತ್ತಿದ್ದಳು.

ಆ ವರ್ಷ ನಮಗೆ ವಹಿಸಿದ್ದು ದೊಡ್ಡದೊಂದು ಕಂಪನಿಯ ಕ್ಯಾಲೆಂಡರ್, ಕರಾವಳಿಯ ದುಡಿಮೆಯ ಹನ್ನೆರಡು ಚಿತ್ರ. ಬಲೆ ಎಳೆಯುವವರು, ಹೆಂಚು ಹೊರುವವರು, ಮಲ್ಲಿಗೆ ಕಟ್ಟುವವರು, ಕಾರ್ಕಳದ ಕಲ್ಲು ಒಡೆಯುವವರು. ಏಪ್ರಿಲಿನಲ್ಲಿ ಮೊದಲ ನಾಲ್ಕನ್ನು ಮ್ಯಾನೇಜರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಎಂತ ಇದು? ಬಲೆ ಎಳೆಯುವವರು ಸ್ಟುಡಿಯೋದಲ್ಲಿ ಫೋಟೋಕ್ಕೆ ನಿಂತ ಹಾಗೆ ಉಂಟಲ್ಲ?”

“ಗೆರೆ ಸರಿಯಾಗಿದೆ ಸರ್.”

“ಗೆರೆ ಸರಿ ಉಂಟು. ಜೀವ ಇಲ್ಲ. ಮೊದಲು ನಿಮ್ಮ ಕೋಣೆಯ ನಗು ನನ್ನ ಟೇಬಲ್ಲಿಗೆ ಕೇಳುತ್ತಿತ್ತು. ಈಗ ಆಸ್ಪತ್ರೆ ಹಾಗೆ ಆಗಿದೆ. ನೋಡಿ ಮೇಡಂ, ಕೆಲಸ ಅವರಿಗೆ ಕಲಿಸುವುದು ಬೇಡ. ಸ್ವಲ್ಪ ಖುಷಿ ಹುಟ್ಟಿಸಿ. ಪಿಕ್‌ನಿಕ್ ಮಾಡಿ, ಆಟ ಆಡಿಸಿ, ಎಂತಾದರೂ ಮಾಡಿ.” ಆಮೇಲೆ ದನಿ ತಗ್ಗಿಸಿ ಹೇಳಿದರು, “ಸೆಪ್ಟೆಂಬರ್ ಕೊನೆಗೆ ಹನ್ನೆರಡೂ ಸರಿಯಾಗದಿದ್ದರೆ ಮೇಲಿನವರು ಚಿತ್ರವನ್ನು ಬೊಂಬಾಯಿಯಲ್ಲಿ ಮಾಡಿಸುತ್ತಾರಂತೆ. ಮತ್ತೆ ಆ ಕೋಣೆಯಲ್ಲಿ ಪೇಪರ್ ರೀಲ್ ಇಡುವುದು ಅಂತ ಮಾತು ಉಂಟು.”

ಮೂವರ ಅನ್ನದ ಪ್ರಶ್ನೆ, ನನ್ನದೂ ಸೇರಿ ನಾಲ್ವರದು. ಸರಿ, ಖುಷಿ ಹುಟ್ಟಿಸಲು ಸೊಂಟ ಕಟ್ಟಿ ನಿಂತೆ.

ಪ್ರತಿ ಸೋಮವಾರ ಬೆಳಿಗ್ಗೆ ಒಂದು ನಗೆಹನಿ ಹೇಳತೊಡಗಿದೆ. ನಮ್ಮೂರಲ್ಲಿ ಹೊಟ್ಟೆ ಹಿಡಿದು ನಗಿಸಿದ ಹನಿಗಳು. ಅವರು ಕುಂಚ ಕೆಳಗಿಟ್ಟು, ಕೈ ಕಟ್ಟಿ, ಸುತ್ತೋಲೆ ಓದಿದರೆ ಕೇಳುವಷ್ಟೇ ಶ್ರದ್ಧೆಯಿಂದ ಕೇಳಿ, “ಲಾಯಿಕುಂಟು ಮೇಡಂ” ಎಂದು ಮತ್ತೆ ಕುಂಚ ಎತ್ತಿಕೊಳ್ಳುತ್ತಿದ್ದರು. ತಿಂಗಳ ಒಳ್ಳೆಯ ಚಿತ್ರಕ್ಕೊಂದು ಸ್ಟೀಲಿನ ಲೋಟ ಬಹುಮಾನ ಇಟ್ಟೆ. ಮೊದಲ ಸಲ ಜಲಜಾಳಿಗೆ ಕೊಟ್ಟರೆ, ಮರುದಿನ ಅದು ಕುಡಿಯುವ ನೀರಿನ ಮಡಕೆಯ ಮೇಲೆ ಕೂತಿತ್ತು. “ಎಲ್ಲರಿಗೂ ಬೇಕಾಗ್ತದೆ ಅಲ್ವಾ ಮೇಡಂ” ಅಂದಳು. ಬಹುಮಾನವನ್ನು ಹೀಗೆ ಮಾಡುವವರ ನಡುವೆ ಪೈಪೋಟಿ ಹಚ್ಚುವುದಾದರೂ ಹೇಗೆ?

ಮೇ ತಿಂಗಳಲ್ಲಿ ಕಾಪುವಿನ ಕಡಲತೀರಕ್ಕೆ ಪಿಕ್‌ನಿಕ್ ಹೊರಡಿಸಿದೆ. ದೀಪಸ್ತಂಭದ ಬಂಡೆಯ ಕೆಳಗೆ ಮರಳಿನಲ್ಲಿ ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡುವ ಆಟ. ಸಂಜೀವಣ್ಣ ಓಡಲಿಲ್ಲ, ಆರತಿ ತಟ್ಟೆ ಹಿಡಿದ ಗಾಂಭೀರ್ಯದಲ್ಲಿ ಮೆಲ್ಲನೆ ನಡೆದು ಗುರಿ ಮುಟ್ಟಿದರು. ಆಮೇಲೆ ನನಗೆ ಭಾರೀ ಉಪಾಯವೊಂದು ಹೊಳೆಯಿತು. ಮೂರು ಕಾಲಿನ ಓಟ! ಸಂಜೀವಣ್ಣನ ಒಂದು ಕಾಲನ್ನೂ ಲಾರೆನ್ಸನ ಒಂದು ಕಾಲನ್ನೂ ನಾನೇ ಟವೆಲಿನಿಂದ ಬಿಗಿದೆ. ವೈರ ಕರಗಲಿ ಎಂದು. ಜಲಜಾಳ ಕಾಲಿಗೆ ನನ್ನ ಕಾಲು. ಶಿಳ್ಳೆ ಹೊಡೆದದ್ದೇ ತಡ, ಅವರಿಬ್ಬರೂ ಒಂದೇ ಮೈಯವರ ಹಾಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡಿಬಿಟ್ಟರು. ನಾವಿಬ್ಬರು ಮೂರನೆಯ ಹೆಜ್ಜೆಗೆ ಮುಗ್ಗರಿಸಿ ಮರಳು ತಿಂದೆವು. ತಲೆಯೆತ್ತಿ ನೋಡುತ್ತೇನೆ, ಲಾರೆನ್ಸ್ ಸಂಜೀವಣ್ಣನ ಪಂಚೆಯ ಮರಳು ಕೊಡಹುತ್ತಿದ್ದಾನೆ. ಊಟಕ್ಕೆ ಕೂತಾಗ ಕೇಳದೆಯೇ ಒಬ್ಬರ ಡಬ್ಬಿಗೆ ಇನ್ನೊಬ್ಬರ ಕೈ ಹೋಗುತ್ತಿತ್ತು. ಇವರೇನು ಶತ್ರುಗಳೋ ಅಲ್ಲವೋ? ತಲೆ ಕೆಟ್ಟುಹೋಯಿತು. ನಮ್ಮ ಕಡೆ ಜಗಳವಾಡಿದವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಲ್ಲಿ ಬಹುಶಃ ಜಗಳವಾಡಿದವರು ಡಬ್ಬಿ ಹಂಚಿಕೊಳ್ಳುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮಳೆಗಾಲ ಬಂತು. ಜೂನ್, ಜುಲೈ, ಆಗಸ್ಟ್. ಕಿಟಕಿಯ ಹೊರಗೆ ಮಳೆಯ ಗದ್ದಲ, ಒಳಗೆ ಮೌನ. ಎಂಟು ಚಿತ್ರಗಳಾದವು, ಎಂಟೂ ಹಾಗೆಯೇ, ನಿಂತಲ್ಲೇ ನಿಂತ ಜನ. ಮ್ಯಾನೇಜರು ಎಂಟನ್ನೂ ಹಿಂದಕ್ಕೆ ಕಳಿಸಿದರು. ಕೋಣೆಯ ಅಳತೆ ತೆಗೆಯಲು ಒಬ್ಬ ಟೇಪು ಹಿಡಿದು ಬಂದೂ ಹೋದ. ಊರಿಗೆ ವಾಪಸು ಹೋಗಿಬಿಡೋಣ ಎಂದು ಎರಡು ಸಲ ಅವ್ವನಿಗೆ ಕಾಗದ ಬರೆದು ಎರಡೂ ಸಲ ಹರಿದೆ.

ಸೆಪ್ಟೆಂಬರಿನ ಮೊದಲ ವಾರ ಲಾರೆನ್ಸ್ ನನ್ನ ಮೇಜಿನ ಬಳಿ ಬಂದು ಸಂಕೋಚದಿಂದ ನಿಂತ. “ಮೇಡಂ, ಭಾನುವಾರ ನಮ್ಮಲ್ಲಿ ಮೊಂತಿ ಹಬ್ಬ. ಮರಿಯಮ್ಮನವರ ಹುಟ್ಟಿದ ದಿನ, ಹೊಸ ಅಕ್ಕಿ ಊಟ. ಆ ದಿನ ಮೀನು ಮಾಂಸ ಎಂತದೂ ಇಲ್ಲ. ನೀವು ಧೈರ್ಯದಲ್ಲಿ ಬರಬಹುದು.”

ಭಾನುವಾರ ಬಸ್ಸಿಳಿದು, ಗದ್ದೆಯ ಬದುವಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಕೇಳಿ ಕೇಳಿ ಅವನ ಮನೆ ಹುಡುಕಿದೆ. ಅಂಗಳದ ತುಂಬ ಮಲ್ಲಿಗೆ ಗಿಡ. ಬೇಲಿಯ ಹತ್ತಿರ ಬರುವಷ್ಟರಲ್ಲಿ ಕಾಲು ಹೂತುಹೋದವಳ ಹಾಗೆ ನಿಂತೆ.

“ಹಡಗಿನಿಂದ ಇಳಿದವನೇ, ನಿನಗೆ ಊರುಂಟೇ?”

ಅದೇ ದನಿ. ಸಂಜೀವಣ್ಣ! ಅವನ ಮನೆಯಲ್ಲೇ ಕೂತು, ಅವನ ಹಬ್ಬದ ದಿನ! ಬೈಯಲು ಬಾಯಿ ತೆರೆದೇ ಒಳಗೆ ನುಗ್ಗಿದೆ. ಜಗಲಿಯಲ್ಲಿ ಸಂಜೀವಣ್ಣ ಬನಿಯನ್ನಿನಲ್ಲಿ ಕಾಲು ಮಡಚಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಎದುರಿಗೆ ಬೀನ್ಸು ಮುರಿಯುತ್ತಿದ್ದ ಲಾರೆನ್ಸ್ ರಾಜನ ಗತ್ತಿನಲ್ಲಿ ಉತ್ತರಿಸುತ್ತಿದ್ದ: “ಎಲೈ ವೃದ್ಧನೇ, ನನ್ನನ್ನು ಹಡಗಿನವನೆಂದೆಯಲ್ಲ, ನೀನೇನು ಕಾರ್ಕಳದ ಗುಡ್ಡದಲ್ಲಿ ಹುಟ್ಟಿದವನೋ? ಜರ್ಮನಿಯಿಂದ ನೀನೂ ಹಡಗಿನಲ್ಲಿಯೇ ಬಂದವನಲ್ಲವೇ!” ಅವನ ಅಪ್ಪ, ಅಮ್ಮ, ತಂಗಿಯರು ಹೊಟ್ಟೆ ಹಿಡಿದು ನಗುತ್ತಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ತಟ್ಟನೆ ಸುಮ್ಮನಾದರು.

ಲಾರೆನ್ಸನ ಅಮ್ಮನಿಗೆ ಏನೂ ಗೊತ್ತಿಲ್ಲ. “ಬನ್ನಿ ಬಾಯಿ, ಕೂತುಕೊಳ್ಳಿ,” ಎಂದು ಕೊಂಕಣಿಯ ಮರ್ಯಾದೆಯಲ್ಲಿ ಕರೆದು ಮಣೆ ಹಾಕಿದರು. “ಇವರಿಬ್ಬರದು ಇದೇ ಕತೆ. ಸಂಜೀವಣ್ಣ ಕಲ್ಲು, ನನ್ನ ಮಗ ತಗಡು. ಮೊದಲು ಪ್ರೆಸ್ಸಿನಲ್ಲೇ ಆಡಿ ಮುಗಿಸುತ್ತಿದ್ದರು. ಈಗ ಅಲ್ಲಿ ಆಡುವ ಹಾಗಿಲ್ಲವಂತೆ. ಹಾಗಾಗಿ ಆದಿತ್ಯವಾರ ಇಲ್ಲಿ ಬಂದು ನಮ್ಮ ತಲೆ ತಿನ್ನುವುದು.”

ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ಕರಾವಳಿಯಲ್ಲಿ ತಾಳಮದ್ದಳೆ ಎಂಬುದೊಂದು ಉಂಟು. ಬಣ್ಣ, ವೇಷ, ಕುಣಿತ ಏನೂ ಇಲ್ಲ. ಪಂಚೆ-ಅಂಗಿಯಲ್ಲೇ ಎದುರುಬದುರು ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬರೆದುಕೊಳ್ಳದೆ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲೇ ವಾದ ಮಾಡುವುದು. ಮಾತಿನಲ್ಲಿ ಎದುರಾಳಿಯನ್ನು ಸೀಳಿ ಹಾಕಿ, ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯುತ್ತಾರೆ. ನಮ್ಮ ಕೋಣೆಯವರು ಅದನ್ನು ತಮ್ಮ ಕಸುಬಿಗೆ ಬಗ್ಗಿಸಿಕೊಂಡಿದ್ದರು. ಹಿಂದೆ ಚಿತ್ರವನ್ನು ಜರ್ಮನಿಯಿಂದ ತರಿಸಿದ ಅಚ್ಚುಕಲ್ಲಿನ ಮೇಲೆ ಬಿಡಿಸಿ ಮುದ್ರಿಸುತ್ತಿದ್ದರು. ಆಮೇಲೆ ಸತುವಿನ ತಗಡು ಹಡಗಿನಲ್ಲಿ ಬಂದಿಳಿದು ಕಲ್ಲನ್ನು ಮೂಲೆಗೆ ತಳ್ಳಿತು. ಕಲ್ಲಿನ ಕಾಲದ ಸಂಜೀವಣ್ಣ ಕಲ್ಲಿನ ಪರ, ತಗಡಿನ ಕಾಲದ ಲಾರೆನ್ಸ್ ತಗಡಿನ ಪರ. ವಾದ ಏರಿದಷ್ಟೂ ಕೈ ಓಡುತ್ತಿತ್ತು, ಗೆರೆ ಕುಣಿಯುತ್ತಿತ್ತು. ಜಲಜಾ ಆ ದಿನ ಸೆರಗು ಒತ್ತಿಕೊಂಡದ್ದು ನಗು ತಡೆಯಲು.

ಮೊದಲ ದಿನ ಬಾಗಿಲು ತಳ್ಳಿ ಬಂದು ಆ ಕೋಣೆಯ ಜೀವವನ್ನು ತೆಗೆದವಳು ನಾನೇ. ಆಮೇಲೆ ತಿಂಗಳುಗಟ್ಟಲೆ ನಿಂಬೆಹಣ್ಣು ಚಮಚ ಹಿಡಿದು ಅದೇ ಜೀವವನ್ನು ಹುಡುಕಿದೆ.

“ಯಾರೂ ಯಾಕ್ರೀ ನನಗ ಹೇಳಲಿಲ್ಲ?” ಎಂದು ಕೇಳಿದೆ.

ಸಂಜೀವಣ್ಣ ತೆಂಗಿನಕಾಯಿಯ ಹೋಳನ್ನು ತಿರುಗಿಸುತ್ತ ಹೇಳಿದರು, “ನೀವು ಹೊಸಬರು ಮೇಡಂ. ಊರು ಬಿಟ್ಟು ಬಂದವರು. ಮೊದಲ ದಿನವೇ ನಾಲ್ಕು ಜನರ ಎದುರು ನಿಮಗೆ ನಾಚಿಕೆ ಆಗಬಾರದು ಅಂತ ನಾನೇ ಇವನನ್ನು ತಡೆದದ್ದು. ಮತ್ತೆ ಹೇಳುವಾ ಹೇಳುವಾ ಅಂತ ದಿನ ಹೋಯಿತು. ತಡವಾದ ಮೇಲೆ ಹೇಳುವುದು ಹೇಗೆ?”

“ಕೋಣಿ ಮುಚ್ಚತಾರಂತ ಗೊತ್ತಿದ್ದೂ ಹೇಳಲಿಲ್ಲಲ್ರೀ!”

“ಎಂತ ಮಾಡುವುದು? ಹೇಳಿದರೆ ತಪ್ಪು ನಿಮ್ಮದು ಅಂತ ಆಗ್ತದಲ್ಲ.”

ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ. ಅಂದು ಬಾಳೆಲೆಯಲ್ಲಿ ಹೊಸ ಅಕ್ಕಿಯ ಪಾಯಸ, ಬೆಂಡೆ, ಹರಿವೆ, ಕೆಸುವು, ಏನೇನೋ ಬಡಿಸಿದರು. ನಾನು ತಲೆ ತಗ್ಗಿಸಿ ಉಂಡೆ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಗೋಡೆಯ ಬರಹವನ್ನು ಕಿತ್ತೆ. ಲಾರೆನ್ಸನ ಮೇಜನ್ನು ನಾನೇ ದರದರ ಎಳೆದು ಹಳೆಯ ಜಾಗಕ್ಕೆ ತಂದೆ. ಮೂವರ ಎದುರಿಗೆ ಸಂಜೀವಣ್ಣನಲ್ಲಿ ತಪ್ಪಾಯಿತು ಎಂದೆ. “ಬಿಡಿ ಮೇಡಂ, ಎಂತ ದೊಡ್ಡ ವಿಷಯ ಅಲ್ಲ,” ಅಂದರು. “ಇನ್ನು ಮೊದಲಿನಂಗ ಆಡ್ರಿ,” ಎಂದೆ. “ಆಯಿತು ಮೇಡಂ,” ಅಂದರು. ಕುಂಚ ಎತ್ತಿಕೊಂಡರು. ಮೌನ.

ಮಂಗಳವಾರವೂ ಮೌನ. ಬುಧವಾರವೂ ಮೌನ. ಮುಖ್ಯಸ್ಥೆ ಅಪ್ಪಣೆ ಕೊಟ್ಟ ಮೇಲೆ ಅದು ಆಟವಾಗಿ ಉಳಿಯುವುದೆಲ್ಲಿ? ಉಳಿದದ್ದು ಮೂರು ವಾರ. ಗುರುವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು ಅವರಿಬ್ಬರ ಮೇಜಿನ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

“ಏ ಕಲ್ಲಪ್ಪಾ! ಏ ತಗಡಪ್ಪಾ! ನೀವಿಬ್ಬರೂ ನಾ ದೊಡ್ಡಾಂವ, ನೀ ದೊಡ್ಡಾಂವ ಅಂತ ಬಡದಾಡ್ತೀರಿ. ನಿಮ್ಮ ಕೆಳಗ ಬಿದ್ದು ಒತ್ತಿಸಿಕೊಳ್ಳಾಕಿ ಯಾರು? ನಾನು, ಕಾಗದ! ದಾಂಡೇಲಿ ಮಿಲ್ಲಿನಿಂದ ಲಾರಿಯೊಳಗ ಕುಂತು ಘಟ್ಟಾ ಇಳದು ಬಂದೀನಿ. ನಿಮ್ಮ ಮಳಿಗೆ ತೊಯ್ದು ಬೂಸ್ಟು ಹಿಡದೀನಿ. ನಿಮ್ಮ ಭಾಷಾ ತಿಳೀವಲ್ದು, ನಿಮ್ಮ ಊಟ ಸೇರವಲ್ದು. ನೀವು ನಗತೀರೋ ಅಳತೀರೋ ಅದೂ ಗೊತ್ತಾಗವಲ್ದು. ಏಳು ತಿಂಗಳಾತು. ಒಬ್ಬರರ, ದೂರದಿಂದ ಬಂದಿ, ಒಂದು ಗುಟುಕು ನೀರು ಕುಡೀತೀಯೇನವ್ವಾ ಅಂತ ಕೇಳೀರೇನು?”

ಆಟವೆಂದು ಶುರು ಮಾಡಿದ್ದು ಎಲ್ಲಿ ಆಟ ಬಿಟ್ಟಿತೋ ತಿಳಿಯದು. ಕಣ್ಣಿಂದ ನೀರು ಹರಿಯುತ್ತಿತ್ತು. ಏಳು ತಿಂಗಳು ಯಾರಿಗೂ ಹೇಳದೇ ಇಟ್ಟುಕೊಂಡದ್ದನ್ನೆಲ್ಲ ಹೇಳಿಬಿಟ್ಟಿದ್ದೆ. ಲಾರೆನ್ಸ್ ಗಾಬರಿಯಿಂದ ಸಂಜೀವಣ್ಣನನ್ನು ನೋಡಿದ. ಸಂಜೀವಣ್ಣ ನಿಧಾನವಾಗಿ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು, ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಘಟ್ಟವಿಳಿದು ಬಂದ ತಂಗಿಯೇ, ನಿನ್ನ ಮಾತು ಈ ಕಲ್ಲನ್ನೂ ಕರಗಿಸಿತು. ಆದರೆ ಒಂದು ಕೇಳುತ್ತೇನೆ. ನಾವು ಒತ್ತದೆ ಇದ್ದರೆ ನೀನು ಬರಿಯ ಬಿಳಿ ಹಾಳೆಯಲ್ಲವೇ? ನಮ್ಮ ಭಾರವನ್ನು ದೂರುವೆಯೋ, ನಮ್ಮ ಬಣ್ಣವನ್ನು ಉಡುವೆಯೋ?”

“ಎಲೈ ಕಲ್ಲೇ!” ಲಾರೆನ್ಸ್ ಧುಮುಕಿದ. “ಅವಳು ಕೇಳಿದ್ದು ನೀರು. ನೀನು ಕೊಟ್ಟದ್ದು ಪ್ರಶ್ನೆ. ಇದು ಯಾವ ಸೀಮೆಯ ಆತಿಥ್ಯ?”

ಜಲಜಾ ಎದ್ದು ಹೋಗಿ ಮಡಕೆಯ ಮೇಲಿನ ಆ ಸ್ಟೀಲಿನ ಲೋಟದಲ್ಲಿ ನೀರು ತುಂಬಿ ತಂದು ನನ್ನ ಕೈಗಿತ್ತಳು. ನಾನು ಕುಡಿಯುತ್ತ ನಕ್ಕೆ, ನಗುತ್ತ ನೆತ್ತಿಗೇರಿಸಿಕೊಂಡು ಕೆಮ್ಮಿದೆ. ಕೋಣೆಯೆಲ್ಲ ನಕ್ಕಿತು. ಅಂದು ಆರು ಗಂಟೆಯವರೆಗೆ ವಾದ ನಿಲ್ಲಲಿಲ್ಲ. ಸಂಜೀವಣ್ಣ ಮಾತನಾಡುತ್ತಲೇ ಬಲೆ ಎಳೆಯುವವರನ್ನು ಹೊಸದಾಗಿ ಬಿಡಿಸಿದರು. ಸಾಲಿನ ಕೊನೆಯವನು ಹಿಂದಕ್ಕೆ ಬಾಗಿ, ಬಾಯಿ ದೊಡ್ಡದಾಗಿ ತೆರೆದು, ಮುಂದಿನವನಿಗೆ ಏನೋ ಬೈಯುತ್ತಿದ್ದ. ಏನು ಬೈಯುತ್ತಿದ್ದಾನೆಂದು ಚಿತ್ರ ನೋಡಿದರೇ ಗೊತ್ತಾಗುತ್ತಿತ್ತು.

ಹನ್ನೆರಡೂ ಸೆಪ್ಟೆಂಬರ್ ಮುಗಿಯುವ ಮೊದಲೇ ಆದವು, ಒಪ್ಪಿಗೆಯೂ ಆಯಿತು. ಕೋಣೆ ಉಳಿಯಿತು. ನಗೆಹನಿಯನ್ನು ನಾನು ನಿಲ್ಲಿಸಿದೆ. ಅದಕ್ಕೂ ಅವರು ಏನೂ ಹೇಳಲಿಲ್ಲ, ಮುಖದಲ್ಲಿ ನೆಮ್ಮದಿ ಕಂಡಿತು ಅಷ್ಟೆ.

ಅಂದಿನಿಂದ ಕಾಗದ ನನ್ನ ಪಾತ್ರವಾಯಿತು. ಪಾತ್ರಕ್ಕೊಂದೇ ಕಟ್ಟಳೆ: ಗದಗಿನ ಮಾತಿನಲ್ಲೇ ಆಡಬೇಕು. ಹತ್ತು ವರ್ಷ ಆಡಿದೆ. ಆಡುತ್ತಾ ಆಡುತ್ತಾ ಎಲ್ಲಿ ಏನಾಯಿತೋ, ಒಂದು ದಿನ ಲಾರೆನ್ಸ್ ಮಾತು ನಿಲ್ಲಿಸಿ, “ಮೇಡಂ, ನೀವು ಈಗ ‘ಉಂಟು’ ಅಂದಿರಿ. ಕಾಗದ ಹಾಗೆ ಹೇಳುವುದಿಲ್ಲ,” ಅಂದ. ಅದಾದ ಮೇಲೆ ಊರಿಗೆ ಹೋದಾಗಲೆಲ್ಲ ಮಾತು ತುಂಬಿಕೊಂಡು ಬರುವುದೇ ಒಂದು ಕೆಲಸವಾಯಿತು. ಹೋದ ಸಲ ಗದಗಿನ ಕಾಯಿಪಲ್ಲೆ ಸಂತೆಯಲ್ಲಿ ಬದನೆಕಾಯಿ ಮಾರುವವಳ ಜಗಳವನ್ನು ಬಾಯಿ ಬಿಟ್ಟು ಕೇಳುತ್ತ ನಿಂತಿದ್ದೆ. ಅವಳು ನನ್ನತ್ತ ತಿರುಗಿ, “ಏನ್ ನೋಡಾಕತ್ತಿ? ಯಾವೂರಾಕಿ ನೀ?” ಅಂದಳು. ನಾನು “ಇದೇ ಊರು” ಎಂದೆ. ಆ ಎರಡು ಪದ ನನ್ನ ಬಾಯಿಂದ ಎಷ್ಟು ಬಿಡಿಬಿಡಿಯಾಗಿ, ಎಷ್ಟು ಶುದ್ಧವಾಗಿ ಬಂದವೆಂದರೆ ಅವಳು ನಕ್ಕುಬಿಟ್ಟಳು.

ಸಂಜೀವಣ್ಣ ನಿವೃತ್ತರಾದ ದಿನ ಕೊನೆಯದಾಗಿ ಒಂದು ಸುತ್ತು ಆಡೋಣ ಎಂದರು. ಮೂವರೂ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಅವರು ನನ್ನ ಕಡೆ ತಿರುಗಿದರು.

“ಲಾರಿಯಿಂದ ಇಳಿದವಳೇ, ನಿನಗೆ ಊರುಂಟೇ?”

ಹತ್ತು ವರ್ಷದಲ್ಲಿ ಯಾವ ಮಾತಿಗೂ ತಡವರಿಸದ ಕಾಗದ ಅಂದು ಬೆಬ್ಬೆಬ್ಬೆ ಅಂದಿತು. ಕೊನೆಗೆ, “ಮೊದಲ ನೀರು ಕೊಡ್ರಿ, ಆಮ್ಯಾಲ ಹೇಳ್ತೀನಿ,” ಎಂದು ಜಾರಿಕೊಂಡೆ. ಎಲ್ಲರೂ ಜೋರಾಗಿ ನಕ್ಕರು. ಜಲಜಾ ಲೋಟ ತಂದುಕೊಟ್ಟಳು. ಕುಡಿದೆ. ಆಮೇಲೆ ಹಾರ, ಭಾಷಣ, ಚಹಾ ಎಂದು ಗಡಿಬಿಡಿಯಲ್ಲಿ ಮಾತು ಅಲ್ಲಿಗೇ ನಿಂತಿತು.

ಮೊನ್ನೆ ಸಂಜೀವಣ್ಣ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ತರಕಾರಿ ಚೀಲ. ಆರೋಗ್ಯ, ಮಳೆ, ಲಾರೆನ್ಸನ ಮಗಳು, ಎಲ್ಲ ಮಾತಾಡಿದೆವು. ನನ್ನ ಬಸ್ಸು ಹೊರಟಿತು. ಅವರು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ನಡೆದು ಬಂದರು.

“ನೀರು ಕುಡಿದಾಯಿತಲ್ಲ ಮೇಡಂ,” ಅಂದರು. “ಉತ್ತರ ಬರಲಿಲ್ಲ.”